ಪಿಕಪ್ ಬಾಡಿಯ ತಳಕ್ಕೆ ಏನು ಹಾಸಬೇಕು, ಮೇಲೆ ಏನು ಹೊದಿಸಬೇಕು

ಹೊಸ ಪಿಕಪ್ ಮನೆಗೆ ಬಂದ ವಾರದೊಳಗೇ ಅದರ ಬಾಡಿಯ ತಳದಲ್ಲಿ ಮೊದಲ ಗೀರು ಬೀಳುತ್ತದೆ. ಅದನ್ನು ಕಂಡು ಮರುಗಿದ ಮಾಲೀಕರು ಮರುದಿನವೇ ದಪ್ಪನೆಯ ಮ್ಯಾಟ್ ತಂದು ಹಾಸುತ್ತಾರೆ, ಎರಡು ಮಳೆಗಾಲ ಅದನ್ನು ಎತ್ತಿ ನೋಡುವುದಿಲ್ಲ, ಮೂರನೆಯ ವರ್ಷ ಎತ್ತಿದಾಗ ಅಡಿಯ ತಗಡು ಹಪ್ಪಳದಂತೆ ಪದರು ಪದರಾಗಿ ಏಳುತ್ತದೆ. ಗೀರು ದಾರಿ ತೆರೆಯುತ್ತದೆ ಅಷ್ಟೆ; ತಗಡನ್ನು ತಿನ್ನುವ ಕೆಲಸ ಹಾಸಿನಡಿಯಲ್ಲಿ ಒಣಗದೆ ಉಳಿದ ನೀರಿನದು. ಆದ್ದರಿಂದ ಹಾಸು ಯಾವುದೇ ಇರಲಿ, ಅದರಡಿಯ ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡ ಮೇಲೆಯೇ ಹಣ ಕೊಡಬೇಕು.

ನಮ್ಮ ರಸ್ತೆಗಳಲ್ಲಿ ಎರಡು ಬಗೆಯ ಪಿಕಪ್‌ಗಳಿವೆ. ಬೊಲೆರೊ ಪಿಕಪ್, ದೋಸ್ತ್, 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ಮುಂತಾದವು ದುಡಿಮೆಯ ವಾಹನಗಳು. ಇವುಗಳ ತಳ ಹೆಚ್ಚುಕಡಿಮೆ ಸಪಾಟಾಗಿದ್ದು, ಬಾಗಿಲುಗಳನ್ನು ಕೆಳಗಿಳಿಸಿದರೆ ನೀರು ಅಂಚಿನಿಂದ ಹರಿದುಹೋಗುತ್ತದೆ. ಇಸುಜು ಡಿ-ಮ್ಯಾಕ್ಸ್ ಅಥವಾ ಬಿಡದಿಯಲ್ಲಿ ಜೋಡಣೆಯಾಗುವ ಹೈಲಕ್ಸ್‌ನಂಥ ಎರಡು ಸಾಲು ಸೀಟಿನ ವಾಹನಗಳಲ್ಲಿ ಬಾಡಿ ತೊಟ್ಟಿಯ ಆಕಾರದಲ್ಲಿರುತ್ತದೆ ಮತ್ತು ಚಕ್ರದ ಉಬ್ಬು ಒಳಕ್ಕೆ ಚಾಚಿರುತ್ತದೆ. ತೊಟ್ಟಿಯಂಥ ಬಾಡಿಗಳಿಗೆ ಅಚ್ಚಿನಲ್ಲಿ ತಯಾರಾದ ಪ್ಲಾಸ್ಟಿಕ್ ಲೈನರ್, ಅಂದರೆ ಒಳಹಾಸು, ಸಿಗುತ್ತದೆ. ಮೊದಲ ಬಗೆಯವಕ್ಕೆ ಅಳತೆ ತೆಗೆದು ಮಾಡಿಸಿಕೊಳ್ಳುವುದೇ ರೂಢಿ, ಮತ್ತು ಈ ಬರಹದ ಹೆಚ್ಚಿನ ಮಾತು ಅವುಗಳ ಕುರಿತೇ ಇದೆ.

ಹಾಸನ್ನು ಆರಿಸುವ ಮುನ್ನ ಹೇರುವ ಸರಕನ್ನು ಯೋಚಿಸಬೇಕು. ಕೋಲಾರದ ಮಂಡಿಗೆ ಟೊಮೆಟೊ ಕ್ರೇಟು ಒಯ್ಯುವ ಗಾಡಿಗೆ ಬೀಳುವುದು ಉಜ್ಜಾಟದ ಪೆಟ್ಟು ಮಾತ್ರ. ಜಲ್ಲಿ, ಕಲ್ಲು, ಕಬ್ಬಿಣದ ಸರಳು ಹೊರುವ ಗಾಡಿಗೆ ತಗಡು ತಗ್ಗುವಷ್ಟು ಏಟು ಬೀಳುತ್ತದೆ. ಇವೆರಡಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದಂತೆ ತಿನ್ನುವ ಸರಕು. ಮಲ್ಪೆ ಅಥವಾ ಕಾರವಾರದಲ್ಲಿ ಮೀನು ಹೇರುವ ಗಾಡಿಯ ತಳಕ್ಕೆ ಮಂಜುಗಡ್ಡೆ ಕರಗಿದ ನೀರಿನ ಜೊತೆ ಉಪ್ಪೂ ಇಳಿಯುತ್ತದೆ. ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇರುವುದರಿಂದ ಚೀಲದಿಂದ ಉದುರಿದ ನಾಲ್ಕು ಹಿಡಿ ಪುಡಿ ಮಳೆಗಾಲದ ತೇವ ಹೀರಿಕೊಂಡು ಉಪ್ಪುನೀರಿನಂತೆಯೇ ವರ್ತಿಸುತ್ತದೆ. ದನ ಸಾಗಿಸಿದ ಮೇಲೆ ಗಂಜಲದ ತೇವವೂ ಹಾಗೆಯೇ. ಇಂಥ ಸರಕು ವಾರಕ್ಕೊಮ್ಮೆಯಾದರೂ ಏರುವುದಾದರೆ, ಸುಲಭವಾಗಿ ಎತ್ತಿ ತೊಳೆಯಲಾಗದ ಯಾವ ಹಾಸನ್ನೂ ಹಾಕಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಯಾವ ಹಾಸಿಗೂ ಮೊದಲು ತಳವನ್ನು ಸಿದ್ಧಗೊಳಿಸಬೇಕು, ಮತ್ತು ಹೆಚ್ಚಿನವರು ಅವಸರ ಮಾಡುವುದು ಇಲ್ಲಿಯೇ. ಬಾಡಿಯನ್ನು ಸೋಪಿನ ನೀರಿನಿಂದ ತೊಳೆದು ಪೂರ್ತಿ ಒಂದು ದಿನ ಬಿಸಿಲಿಗೆ ಬಿಡಿ. ತುಕ್ಕು ಎದ್ದ ಜಾಗವನ್ನು ತಂತಿ ಬ್ರಷ್‌ನಿಂದ ಕೆರೆದು, 80ನೇ ನಂಬರಿನ ಎಮರಿ ಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಅದು ನಿಲ್ಲುವುದಿಲ್ಲ, ಏಕೆಂದರೆ ಕಬ್ಬಿಣ ತುಕ್ಕಾಗುವಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ ಮತ್ತು ಮೇಲಿನ ಬಣ್ಣವನ್ನು ಗುಳ್ಳೆಯಂತೆ ಎತ್ತಿ ಒಡೆಯುತ್ತದೆ. ಬರಿಗೊಂಡ ಲೋಹಕ್ಕೆ ಎಪಾಕ್ಸಿ ಪ್ರೈಮರ್ ಉತ್ತಮ. ಅದು ಸಿಗದಿದ್ದರೆ ರೆಡ್ ಆಕ್ಸೈಡ್‌ನ ಎರಡು ಕೋಟಿನ ಮೇಲೆ ಎನಾಮಲ್ ಬಳಿಯಬಹುದು, ಆದರೆ ರೆಡ್ ಆಕ್ಸೈಡನ್ನೇ ಕೊನೆಯ ಕೋಟಾಗಿ ಬಿಡಬಾರದು. ತಳವೂ ಪಕ್ಕದ ಗೋಡೆಯೂ ಸೇರುವ ಸಂದು, ಹಿಂಬಾಗಿಲಿನ ಹಿಂಜುಗಳ ಸುತ್ತ ಮತ್ತು ಬೋಲ್ಟಿನ ತಲೆಗಳ ಅಡಿ ತುಕ್ಕು ಮೊದಲು ಹುಟ್ಟುವ ಜಾಗಗಳಾದ್ದರಿಂದ ಅಲ್ಲಿ ಸಣ್ಣ ಬ್ರಷ್‌ನಿಂದ ತಾಳ್ಮೆಯಿಂದ ಬಳಿಯಬೇಕು. ಬಣ್ಣ ಬಳಿದ ಮೇಲೆ ನೀರು ಹೋಗುವ ತೂತುಗಳು ಮುಚ್ಚಿಕೊಂಡಿಲ್ಲವೆಂದು ಒಂದು ಕಡ್ಡಿ ಹಾಕಿ ಖಚಿತಪಡಿಸಿಕೊಳ್ಳಿ.

ಕಲ್ಲು, ಕಬ್ಬಿಣ ಹೊರುವವರು ಚೆಕರ್ ಪ್ಲೇಟ್, ಅಂದರೆ ಮೇಲ್ಮೈಯಲ್ಲಿ ಉಬ್ಬುಗೆರೆಗಳಿರುವ ದಪ್ಪ ಲೋಹದ ತಗಡು, ಹಾಕಿಸುತ್ತಾರೆ. ಗಟ್ಟಿತನದಲ್ಲಿ ಅದಕ್ಕೆ ಸಮನಿಲ್ಲ, ಆದರೆ ತೂಕದ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಪ್ರತಿ ಚದರ ಮೀಟರಿಗೆ ಸುಮಾರು 7.85 ಕಿಲೋ ತೂಗುತ್ತದೆ. ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲದ ಬಾಡಿಯೆಂದರೆ ಸುಮಾರು 4.6 ಚದರ ಮೀಟರ್. ಅದಕ್ಕೆ ಮೂರು ಮಿಲಿಮೀಟರಿನ ಪ್ಲೇಟ್ ಹಾಕಿದರೆ 110 ಕಿಲೋದ ಆಸುಪಾಸು ಆಯಿತು. ಅಷ್ಟು ಸರಕು ಪ್ರತಿ ಟ್ರಿಪ್ಪಿಗೂ ಕಡಿಮೆ ಏರಬೇಕು, ಇಲ್ಲವೇ ಓವರ್‌ಲೋಡ್ ಆಗಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಓವರ್‌ಲೋಡಿನ ದಂಡ 20,000 ರೂಪಾಯಿಯಿಂದ ಶುರುವಾಗಿ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ಸೇರುತ್ತದೆ. ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ ನಮೂದಾಗಿರುವುದರಿಂದ ಇಷ್ಟು ಭಾರದ ಬದಲಾವಣೆಗೆ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಜಾಣತನ. ಹಾಕಿಸುವುದೇ ಆದರೆ ಸುತ್ತಲೂ ವೆಲ್ಡ್ ಮಾಡಿಸಬೇಡಿ. ವೆಲ್ಡಿನ ಬಿಸಿಗೆ ಅಡಿಯ ಬಣ್ಣ ಸುಟ್ಟುಹೋಗುತ್ತದೆ, ಎರಡು ತಗಡುಗಳ ನಡುವೆ ಸೇರಿದ ನೀರು ಅಲ್ಲೇ ಉಳಿಯುತ್ತದೆ. ನನ್ನ ಹಳೆಯ ಗಾಡಿಗೆ ಹಾಗೆ ವೆಲ್ಡ್ ಮಾಡಿಸಿ ನಾಲ್ಕನೇ ವರ್ಷ ಮೇಲಿನ ಪ್ಲೇಟ್ ಹೊಸದರಂತಿದ್ದು ಕೆಳಗಿನ ತಳವೇ ಮಾಯವಾಗಿದ್ದನ್ನು ಕಂಡವನು ನಾನು. ಪ್ಲೇಟನ್ನು ಎರಡು ತುಂಡಾಗಿ ಮಾಡಿಸಿ, ಬೋಲ್ಟ್ ಹಾಕಿ ಕೂರಿಸಿದರೆ ವರ್ಷಕ್ಕೊಮ್ಮೆ ಬಿಚ್ಚಬಹುದು. ಅಲ್ಯೂಮಿನಿಯಂ ಪ್ಲೇಟ್ ಉಕ್ಕಿನ ಮೂರನೇ ಒಂದರಷ್ಟೇ ತೂಗುತ್ತದೆ. ಆದರೆ ಉಪ್ಪುನೀರು ತಾಗಿದಲ್ಲಿ ಉಕ್ಕೂ ಅಲ್ಯೂಮಿನಿಯಮ್ಮೂ ನೇರವಾಗಿ ಸೇರಿದ ಜಾಗ ಬೇಗ ಕೊರೆಯುವುದರಿಂದ ನಡುವೆ ತೆಳು ರಬ್ಬರ್ ಪಟ್ಟಿ ಹಾಕಲೇಬೇಕು.

ತರಕಾರಿ, ದಿನಸಿ, ಗ್ಯಾಸ್ ಸಿಲಿಂಡರ್, ಪೀಠೋಪಕರಣಗಳಂಥ ಮಿಶ್ರ ಸರಕಿಗೆ ರಬ್ಬರ್ ಮ್ಯಾಟ್ ಸಾಕು ಮತ್ತು ನನ್ನ ಮಟ್ಟಿಗೆ ಅದೇ ಮೊದಲ ಆಯ್ಕೆ. ಆರು ಮಿಲಿಮೀಟರಿನದು ಇಂಥ ಬಾಡಿಗೆ ಮೂವತ್ತೈದು ಕಿಲೋದಷ್ಟೇ ತೂಗುತ್ತದೆ, ಸರಕು ಜಾರುವುದಿಲ್ಲ, ತಗಡಿನ ಸದ್ದೂ ಅಡಗುತ್ತದೆ. ಕೊಟ್ಟಿಗೆಯಲ್ಲಿ ಹಸುಗಳಿಗೆ ಹಾಸುವ ದಪ್ಪ ಮ್ಯಾಟನ್ನೇ ಹಲವರು ಗಾಡಿಗೂ ಬಳಸುತ್ತಾರೆ. ಅದು ಬಾಳಿಕೆ ಬರುತ್ತದೆ, ಆದರೆ ಒಬ್ಬರೇ ಎತ್ತಲಾರದಷ್ಟು ಭಾರವಾದ್ದರಿಂದ ಯಾರೂ ಎತ್ತುವುದಿಲ್ಲ, ಮತ್ತೆ ಮೊದಲಿನ ತೊಂದರೆಗೇ ಬಂದು ನಿಲ್ಲುತ್ತೇವೆ. ಕೊಳ್ಳುವಾಗ ಅಡಿಭಾಗದಲ್ಲಿ ಗಾಡಿಯ ಉದ್ದಕ್ಕೆ ಸಾಗುವ ಸಣ್ಣ ಕಾಲುವೆಗಳು ಅಥವಾ ಸಣ್ಣ ಉಬ್ಬುಗಳು ಇರುವುದನ್ನೇ ಆರಿಸಿ. ಅಡಿ ನುಣುಪಾದ ಮ್ಯಾಟ್ ಒದ್ದೆ ತಗಡಿಗೆ ಅಂಟಿಕೊಂಡು ಕೂರುತ್ತದೆ. ಇಡೀ ತಳಕ್ಕೆ ಒಂದೇ ಹಾಳೆ ಹಾಸುವ ಬದಲು ಎರಡು ಅಥವಾ ಮೂರು ತುಂಡು ಮಾಡಿ, ಸುತ್ತ ಗೋಡೆಯಿಂದ ಒಂದು ಬೆರಳಿನಷ್ಟು ಜಾಗ ಬಿಟ್ಟು ಕತ್ತರಿಸಿ. ಅಂಟು ಹಾಕಿ ಕೂರಿಸುವವರ ಮಾತಿಗೆ ಒಪ್ಪಬೇಡಿ.

ಪ್ಲೈವುಡ್ ಅಗ್ಗ, ಹನ್ನೆರಡು ಮಿಲಿಮೀಟರಿನ ಮೆರೈನ್ ಪ್ಲೈ ಅಂಚುಗಳಿಗೆಲ್ಲ ಬಣ್ಣ ಬಳಿದು ಹಾಕಿದರೆ ಎರಡು ಮೂರು ವರ್ಷ ಬಂದೀತು. ಮಲೆನಾಡಿನ ಮಳೆಗೆ ಅದನ್ನು ಶಿಫಾರಸು ಮಾಡಲಾರೆ.

ಪಾಲಿಯೂರಿಯಾ ಅಥವಾ ಪಾಲಿಯುರೆಥೇನ್ ಸಿಂಪಡಿಸಿ ಮಾಡುವ ಲೇಪನ ತಗಡಿಗೇ ಕಚ್ಚಿಕೊಳ್ಳುವುದರಿಂದ, ಸರಿಯಾಗಿ ಮಾಡಿದಲ್ಲಿ, ಅಡಿಯಲ್ಲಿ ನೀರು ನಿಲ್ಲುವ ಪ್ರಶ್ನೆಯೇ ಇರುವುದಿಲ್ಲ. ಹಣ ಹೆಚ್ಚು, ಹೊಸ ಗಾಡಿಗೆ ಮಾಡಿಸಿದರೆ ಸಾರ್ಥಕ. ಹಳೆಯ ಗಾಡಿಯ ತುಕ್ಕಿನ ಮೇಲೆ ಸಿಂಪಡಿಸಿದರೆ ಲೇಪನದ ಒಳಗೇ ತುಕ್ಕು ಬೆಳೆಯುತ್ತಾ ಹೋಗಿ, ಹೊರಗೆ ಏನೂ ಕಾಣದೆ ಒಂದು ದಿನ ಚಕ್ಕೆಯಾಗಿ ಎದ್ದುಬರುತ್ತದೆ. ತೊಟ್ಟಿಯ ಆಕಾರದ ಬಾಡಿಗೆ ಅಚ್ಚಿನ ಪ್ಲಾಸ್ಟಿಕ್ ಲೈನರ್ ಹಾಕಿಸುವವರು ಅದು ಅಲುಗಾಡದಂತೆ ಬಿಗಿಯಾಗಿದೆಯೇ ಎಂದು ನೋಡಬೇಕು. ಸಡಿಲ ಲೈನರ್ ಪ್ರತಿ ಗುಂಡಿಗೂ ಕುಣಿದು, ಅಡಿಯಲ್ಲಿ ಸೇರಿದ ಮರಳಿನ ಜೊತೆ ಬಣ್ಣವನ್ನು ಎಮರಿ ಕಾಗದದಂತೆ ಉಜ್ಜುತ್ತದೆ. ಇನ್ನೊಂದು ಎಚ್ಚರಿಕೆ ಜೀವಕ್ಕೇ ಸಂಬಂಧಿಸಿದ್ದು. ಪ್ಲಾಸ್ಟಿಕ್ ಲೈನರ್ ಅಥವಾ ಮ್ಯಾಟಿನ ಮೇಲೆ ಕ್ಯಾನ್ ಇಟ್ಟುಕೊಂಡೇ ಪೆಟ್ರೋಲ್ ತುಂಬಿಸಬಾರದು. ಕ್ಯಾನಿನಲ್ಲಿ ಹುಟ್ಟುವ ಸ್ಥಿರವಿದ್ಯುತ್ತು ನೆಲಕ್ಕೆ ಹರಿಯಲು ದಾರಿಯಿಲ್ಲದೆ ಕಿಡಿ ಹಾರಬಹುದು. ಕ್ಯಾನನ್ನು ಕೆಳಗಿಳಿಸಿ ನೆಲದ ಮೇಲಿಟ್ಟೇ ತುಂಬಿಸಬೇಕು.

ಇನ್ನು ಮೇಲಿನ ಹೊದಿಕೆ. ಕೆಲವೆಡೆ ಟಾರ್ಪಾಲು, ಕೆಲವೆಡೆ ತಾಡಪತ್ರಿ ಎನ್ನುವ ಇದನ್ನು ಬಣ್ಣ ನೋಡಿ ಕೊಳ್ಳದೆ ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಎಂಬುದನ್ನು ಕೇಳಿ ಕೊಳ್ಳಬೇಕು. ಕಣದಲ್ಲಿ ಕಾಳು ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆ ಹೆದ್ದಾರಿಯ ಗಾಳಿಗೆ ಒಂದು ಹಂಗಾಮೂ ತಡೆಯುವುದಿಲ್ಲ. ಗಾಡಿಗೆ 200 ಜಿಎಸ್‌ಎಂಗಿಂತ ಮೇಲಿನದು ಬೇಕು, ವರ್ಷವಿಡೀ ಹೊರಗಿರುವುದಾದರೆ ಪಿವಿಸಿ ಲೇಪಿಸಿದ ಬಟ್ಟೆಯೇ ಆಗಬೇಕು. ಬಾಡಿಯ ಅಳತೆಗಿಂತ ಎಲ್ಲ ಬದಿಗೂ ಒಂದೂವರೆ ಅಡಿ ಹೆಚ್ಚಿರಲಿ. ಗೋಡೆಗಳ ಮೇಲೆ ಚಪ್ಪಟೆಯಾಗಿ ಎಳೆದು ಕಟ್ಟಿದರೆ ನಡುವೆ ನೀರು ನಿಂತು, ಬಟ್ಟೆ ಜೋತು, ಕೊನೆಗೆ ಹರಿಯುತ್ತದೆ. ಮೂರು ಕಬ್ಬಿಣದ ಕಮಾನು ಅಥವಾ ನಡುವೆ ಉದ್ದಕ್ಕೆ ಒಂದು ಬಿದಿರು ಕೊಟ್ಟರೂ ಸಾಕು, ನೀರು ಇಳಿದುಹೋಗುತ್ತದೆ. ಕ್ಯಾಬಿನ್ ಕಡೆಯ ಅಂಚನ್ನು ಮೊದಲು ಕಟ್ಟಿ, ಅದು ಗಾಳಿಗೆ ಬಾಯಿ ತೆರೆಯದಂತೆ ಎರಡು ಮಡಿಕೆ ಮಾಡಿ, ಆಮೇಲೆ ಹಿಂದಕ್ಕೆ ಎಳೆಯುತ್ತಾ ಬನ್ನಿ. ನೈಲಾನ್ ಹಗ್ಗಕ್ಕಿಂತ ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ ಕೊಂಡಿಗಳಿಗೆ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಗಾಳಿ ಎಳೆದಾಗ ಪಟ್ಟಿ ಹಿಗ್ಗಿ ಟಾರ್ಪಾಲಿನ ಕಣ್ಣು ಹರಿಯದಂತೆ ಉಳಿಸುತ್ತದೆ.

ಖಾಲಿ ಗಾಡಿಯನ್ನು ದಿನಗಟ್ಟಲೆ ಟಾರ್ಪಾಲು ಮುಚ್ಚಿ ನಿಲ್ಲಿಸುವಾಗ ಹಿಂಬದಿಯನ್ನು ಅಂಗೈ ಅಗಲದಷ್ಟು ತೆರೆದೇ ಇಡಿ, ಇಲ್ಲದಿದ್ದರೆ ಒಳಗಿನ ತೇವ ರಾತ್ರಿ ಬೆವರಾಗಿ ತಳಕ್ಕೇ ಇಳಿಯುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಗೊಬ್ಬರ ಅಥವಾ ಮೀನು ಹೇರಿದ ದಿನ ಅಂದೇ ಸಂಜೆ, ಮ್ಯಾಟ್ ಎತ್ತಿ ತೊಳೆದು, ಗಾಡಿಯನ್ನು ಹಿಂದಕ್ಕೆ ಸ್ವಲ್ಪ ಇಳಿಜಾರಿನಲ್ಲಿ ನಿಲ್ಲಿಸಿ, ಹಿಂಬಾಗಿಲು ಇಳಿಸಿ, ತಳ ಕೈಗೆ ಒಣಗಿದಂತೆ ತಾಗುವವರೆಗೂ ಹಾಗೆಯೇ ಬಿಟ್ಟು, ಆಮೇಲೆ ಮ್ಯಾಟನ್ನು ಹಾಸಬೇಕು.