ಬಟ್ಟೆ ಸಿಕ್ಕಿಕೊಂಡ ಜಾಗ

ನಾನು ಕಾರವಾರದವನು. ಗೋವಾದ ಒಂದು ಹ್ಯಾಂಗರ್‌ನಲ್ಲಿ ಸಣ್ಣ ವಿಮಾನಗಳ ಮೆಂಟೆನೆನ್ಸ್ ಮಾಡುತ್ತೇನೆ. ಊರಿಗೆ ಬಂದಾಗ, ಬೀಚ್ ಹತ್ತಿರ ಇಟ್ಟಿರುವ ನೌಕಾಪಡೆಯ ಹಳೇ ಟುಪೊಲೆವ್ ವಿಮಾನ ನೋಡಿದ ಐಟಿಐ ಹುಡುಗರು, "ಅಣ್ಣಾ, ಕಡ್ಡಾಯ ಇನ್‌ಸ್ಪೆಕ್ಷನ್ ಅಂದ್ರೆ ಏನು ಮಾಡ್ತೀರಿ?" ಅಂತ ಕೇಳುತ್ತಾರೆ. ಒಮ್ಮೆ ಎಲಿವೇಟರ್, ಅಂದರೆ ಮೂತಿ ಮೇಲೆ-ಕೆಳಗೆ ಮಾಡುವ ಬಾಲದ ರೆಕ್ಕೆಯ ಫಲಕ, ಅದರ ಕೇಬಲ್ ನೋಡಿದ್ದನ್ನೇ ಹೇಳುತ್ತೇನೆ.

ಎಲ್ಲೋ ಒಂದು ಕಡೆ ಒಂದು ಭಾಗದಲ್ಲಿ ಅಪಾಯದ ದೋಷ ಕಂಡರೆ, ಆ ಮಾದರಿಯ ವಿಮಾನಗಳಿಗೆಲ್ಲ ಏರ್‌ವರ್ದಿನೆಸ್ ಡೈರೆಕ್ಟಿವ್ ಎಂಬ ಕಡ್ಡಾಯ ಆದೇಶ ಬರುತ್ತದೆ. ನಾವು ಎಡಿ ಅನ್ನುತ್ತೇವೆ. ಗಡುವಿನೊಳಗೆ ಮಾಡದಿದ್ದರೆ ವಿಮಾನ ಹಾರುವ ಹಾಗಿಲ್ಲ.

ಅಂಥದೇ ಒಂದು ಎಡಿಗಾಗಿ ಪ್ಯಾನೆಲ್ ಬಿಚ್ಚಿ, ಟಾರ್ಚ್ ಮತ್ತು ಕನ್ನಡಿ ಹಿಡಿದು ಕೂತೆ. ಕಣ್ಣಿಗೆ ಕೇಬಲ್ ಚೆನ್ನಾಗಿಯೇ ಇತ್ತು. ಆದರೆ ಕೇಬಲ್ ಸವೆಯುವುದು ರಾಟೆಯ ಮೇಲೆ ಹಾಯುವ ಕಡೆ, ಅಲ್ವಾ? ಆ ತುಂಡು ರಾಟೆಯ ತೋಡಿನಲ್ಲಿ ಅಡಗಿರುತ್ತದೆ. ಅದಕ್ಕೇ ಜೊತೆಗಾರನಿಗೆ ಪೈಲಟ್ ಹಿಡಿಯುವ ಕಂಟ್ರೋಲನ್ನು ಪೂರ್ತಿ ಹಿಂದೆ, ಪೂರ್ತಿ ಮುಂದೆ ಮಾಡಿ ಹಿಡಿಯಲು ಹೇಳಿದೆ. ಹೊರಗೆ ಬಂದ ಭಾಗದ ಮೇಲೆ ಹತ್ತಿಬಟ್ಟೆ ಎಳೆದೆ. ಒಂದು ಕಡೆ ಬಟ್ಟೆ ಚಕ್ಕನೆ ಸಿಕ್ಕಿಕೊಂಡಿತು. ತುಂಡಾದ ಒಂದು ಎಳೆ, ಕೂದಲಿಗಿಂತ ಸ್ವಲ್ಪ ದಪ್ಪ. ಬರಿಗೈ ಸವರಿದ್ದರೆ ಬೆರಳಿಗೇ ಚುಚ್ಚುತ್ತಿತ್ತು. ಟೆನ್ಷನ್, ಅಂದರೆ ಕೇಬಲ್‌ನ ಬಿಗಿತ, ಇಳಿಸಿ, ಕೇಬಲ್ ಕಳಚಿ, ಮೆಲ್ಲಗೆ ಬಾಗಿಸಿ ನೋಡಿದೆ. ಒಳಗಿನ ಎಳೆಗಳಲ್ಲಿ ಕೆಂಪು ತುಕ್ಕು. ನಮ್ಮ ಕರಾವಳಿಯ ಉಪ್ಪುಗಾಳಿ ಮಾಡುವ ಕೆಲಸವೇ ಇದು. ಒಳಗೆ ತುಕ್ಕು ಹಿಡಿದ ಕೇಬಲ್ ಒರೆಸಿ ಹಾಕುವಂಥದ್ದಲ್ಲ, ಬದಲಿಸಲೇಬೇಕು.

ಹೊಸದನ್ನು ಹಾಕಿ, ಆ ಹೊತ್ತಿನ ಉಷ್ಣಾಂಶಕ್ಕೆ ಚಾರ್ಟ್‌ನಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಟೆನ್ಷನ್ ಹೊಂದಿಸಿದೆ. ಆ ಬಿಗಿತ ಹೊಂದಿಸುವ ತಿರುಪು, ಟರ್ನ್‌ಬಕಲ್, ತಾನಾಗಿ ತಿರುಗದಂತೆ ಲಾಕ್‌ವೈರ್ ತಂತಿ ಹಾಕಿದೆ.

ನಾನು ಜಾಸ್ತಿ ನಂಬುವುದು ಇದರ ನಂತರದ ಹೆಜ್ಜೆಯನ್ನು. ಕೆಲಸ ಮಾಡಿದವನು ನೋಡಿದ ಮೇಲೆ, ಅದರಲ್ಲಿ ಕೈ ಹಾಕದ ಇನ್ನೊಬ್ಬ ಮೊದಲಿನಿಂದ ನೋಡಬೇಕು. ಕಂಟ್ರೋಲ್ ಹಿಂದಕ್ಕೆ ಎಳೆದರೆ ಎಲಿವೇಟರ್‌ನ ಹಿಂಬದಿ ಅಂಚು ಮೇಲೇಳಬೇಕು. ಕೇಬಲ್ ಅದಲುಬದಲಾದರೆ ಕಂಟ್ರೋಲ್ ಸಲೀಸಾಗಿಯೇ ಆಡುತ್ತದೆ, ಆದರೆ ಉಲ್ಟಾ! ಸುಮ್ನೆ ಅಲ್ಲಾಡಿಸಿ "ಓಕೆ" ಅಂದರೆ ಅದು ಗೊತ್ತಾಗುವುದು ವಿಮಾನ ನೆಲ ಬಿಡುವಾಗ.

ಹುಡುಗರಿಗೆ 2000ರ ಜನವರಿ 31ರ ಅಲಾಸ್ಕಾ ಏರ್‌ಲೈನ್ಸ್ ಫ್ಲೈಟ್ 261ರ ಅಪಘಾತದ ಬಗ್ಗೆಯೂ ಹೇಳುತ್ತೇನೆ. ಬಾಲದ ಅಡ್ಡರೆಕ್ಕೆಯನ್ನು ಏರಿಸಿ ಇಳಿಸುವ ದೊಡ್ಡ ತಿರುಪು, ಜಾಕ್‌ಸ್ಕ್ರೂಗೆ, ಸಾಕಷ್ಟು ಗ್ರೀಸ್ ಇಲ್ಲದೆ ಅದರ ನಟ್‌ನ ಒಳಗಿನ ಥ್ರೆಡ್‌ಗಳು ಸವೆದುಹೋಗಿದ್ದವು. 88 ಜನ ಸತ್ತರು. ಗ್ರೀಸ್ ಹಚ್ಚುವುದನ್ನು ಚಿಲ್ಲರೆ ಕೆಲಸ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇಬ್ಬರ ಸಹಿಯೂ ಆಯಿತು. ಈ ತಪಾಸಣೆ ಮತ್ತೆ ಮತ್ತೆ ಮಾಡಬೇಕಾದದ್ದು. ಹಾಗಾಗಿ ಮುಂದಿನದು ಎಷ್ಟು ಗಂಟೆ ಹಾರಾಟಕ್ಕೆ ಅಂತ ಲಾಗ್‌ಬುಕ್‌ನಲ್ಲಿ ಬರೆದು ವಿಮಾನ ಬಿಟ್ಟುಕೊಟ್ಟೆ.