ಹೊರಲು ಹಗುರ, ಹೊಡೆಯಲು ಬಿರುಸು: ಸಣ್ಣ ರಿವಾಲ್ವರಿನ ಜೊತೆ ನನ್ನ ಅನುಭವ

ಸಣ್ಣ ರಿವಾಲ್ವರ್ ಕೊಳ್ಳಲು ಬಂದವರು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಾರೆ. ‘ಇಷ್ಟೇನಾ!’ ಎನ್ನುತ್ತಾರೆ, ಅಲ್ಲಿಗೆ ತೀರ್ಮಾನ ಆಗಿಹೋಗುತ್ತದೆ. ಕಮ್ಮಿಯಾದ ಆ ತೂಕಕ್ಕೆ ಬೆಲೆ ತೆರುವುದು ಅಂಗಡಿಯಲ್ಲಲ್ಲ, ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್‌ನಲ್ಲಿ. ಲೈಸೆನ್ಸ್ ಇಟ್ಟುಕೊಂಡು ಇಂಥದ್ದನ್ನು ಜೊತೆಗೆ ಒಯ್ಯುವವನಾಗಿ ಹೇಗೆ ಆರಿಸಿದೆ, ಹೇಗೆ ಹೊರುತ್ತೇನೆ, ಯಾವುದು ಎಲ್ಲಿ ಕೈಕೊಡುತ್ತದೆ ಎಂಬುದನ್ನಷ್ಟೇ ಬರೆಯುತ್ತಿದ್ದೇನೆ. ಯಾರು ಇಟ್ಟುಕೊಳ್ಳಬಹುದು, ಎಲ್ಲಿಗೆ ಒಯ್ಯಬಾರದು ಎಂಬ ಕಾನೂನು ಒಂದೊಂದು ಕಡೆ ಒಂದೊಂದು ಥರ. ಅದನ್ನು ತಿಳಿದುಕೊಳ್ಳದೆ ಉಳಿದದ್ದಕ್ಕೆ ಕೈ ಹಾಕಬಾರದು.

ಮೊದಲು ತೂಕದ ಲೆಕ್ಕ. ಈ ಜಾತಿಯ ಹಿರಿಯಣ್ಣ ಎಂದರೆ ಸ್ಮಿತ್ ಅಂಡ್ ವೆಸನ್ 1950ರಲ್ಲಿ ಹೊರತಂದ ಚೀಫ್ಸ್ ಸ್ಪೆಷಲ್. .38 ಸ್ಪೆಷಲ್ ತೋಟಾ, ಐದು ಗುಂಡು, ಪೂರ್ತಿ ಉಕ್ಕು. ಆ ಗಾತ್ರದ ಉಕ್ಕಿನ ರಿವಾಲ್ವರ್ ಖಾಲಿ ಇದ್ದಾಗ 550ರಿಂದ 600 ಗ್ರಾಂ ತೂಗುತ್ತದೆ. ಅದೇ ಅಳತೆಯಲ್ಲಿ ಅಲ್ಯೂಮಿನಿಯಂ ಫ್ರೇಮ್ ಇರುವ ಅದೇ ಕಂಪನಿಯ 642 ಮಾದರಿ ಸುಮಾರು 410 ಗ್ರಾಂ. 2009ರಲ್ಲಿ ಬಂದ ರೂಗರ್ ಎಲ್‌ಸಿಆರ್‌ನಲ್ಲಿ ಕೆಳಭಾಗ ಪಾಲಿಮರ್, ತೂಕ ಸುಮಾರು 380. ಸ್ಕ್ಯಾಂಡಿಯಂ ಬೆರೆಸಿದ ಫ್ರೇಮ್, ಟೈಟೇನಿಯಂ ಸಿಲಿಂಡರ್ (ತೋಟಾ ಕೂರುವ, ತಿರುಗುವ ಉರುಳೆ) ಇರುವ ಸ್ಮಿತ್ ಕಂಪನಿಯ 340 ಪಿಡಿ 330ರ ಆಸುಪಾಸು. ಐದು ತೋಟಾ ತುಂಬಿದರೆ ಯಾವುದಕ್ಕಾದರೂ ಇನ್ನೊಂದು 75 ಗ್ರಾಂ ಸೇರುತ್ತದೆ.

ಒಂದೇ ಬಗೆಯ ತೋಟಾ ಹೊಡೆದಾಗ ಕೈಗೆ ಹಿಂದಕ್ಕೆ ಬೀಳುವ ಒದೆತದ ಶಕ್ತಿ ಬಂದೂಕಿನ ತೂಕ ಇಳಿದಷ್ಟೂ ಏರುತ್ತದೆ. 600 ಗ್ರಾಮಿನದು 400ಕ್ಕೆ ಇಳಿದರೆ ಒದೆತ ಒಂದೂವರೆ ಪಟ್ಟು, 300ಕ್ಕೆ ಇಳಿದರೆ ಎರಡು ಪಟ್ಟು. ಜೇಬಿನಲ್ಲಿ 410 ಗ್ರಾಮಿಗೂ 330 ಗ್ರಾಮಿಗೂ ಇರುವ ವ್ಯತ್ಯಾಸ ಅರ್ಧ ದಿನದಲ್ಲಿ ಮರೆತುಹೋಗುತ್ತದೆ, ಕೈಯಲ್ಲಿ ಮರೆಯುವುದಿಲ್ಲ. ಅದಕ್ಕೇ ನಾನು 400 ಗ್ರಾಮಿನ ಆಚೀಚೆ ನಿಂತೆ. ತಿಂಗಳಿಗೊಮ್ಮೆಯಾದರೂ ನೋವಿಲ್ಲದೆ ಹೊಡೆಯಲಾಗದ ರಿವಾಲ್ವರ್ ಕೊನೆಗೆ ಅಭ್ಯಾಸವಿಲ್ಲದ ಕೈಯಲ್ಲಿ ಉಳಿಯುತ್ತದೆ.

ಇನ್ನು .357 ಮ್ಯಾಗ್ನಮ್ ಎಂಬ ಹೆಚ್ಚು ಬಿರುಸಿನ ತೋಟಾದ ಆಸೆ. ಅಮೆರಿಕದ ಉದ್ಯಮ ಮಾನದಂಡದಲ್ಲಿ .38 ಸ್ಪೆಷಲ್‌ನ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡ್, ಅದರದೇ ಬಿರುಸು ಬಗೆಯಾದ ಪ್ಲಸ್-ಪಿ ತೋಟಾಕ್ಕೆ 20,000, ಮ್ಯಾಗ್ನಮ್‌ಗೆ 35,000. 48 ಮಿಲಿಮೀಟರ್ ಬ್ಯಾರಲ್‌ನಲ್ಲಿ ಆ ಹೆಚ್ಚಿನ ಮದ್ದಿನ ಒಂದಷ್ಟು ಭಾಗ ಬ್ಯಾರಲ್ ಬಾಯಿಯ ಹೊರಗೆ ಬೆಂಕಿಯಾಗಿ, ಸದ್ದಾಗಿ ಉರಿದುಹೋಗುತ್ತದೆ. 340 ಪಿಡಿಯ ಬ್ಯಾರಲ್ ಮೇಲೆ 120 ಗ್ರೇನ್‌ಗಿಂತ, ಅಂದರೆ 7.8 ಗ್ರಾಮಿಗಿಂತ ಹಗುರವಾದ ಗುಂಡು ಬಳಸಬೇಡಿ ಎಂದೇ ಕೊರೆದಿರುತ್ತಾರೆ. ಆ ಬಗೆಯ ತೋಟಾದ ಬಿಸಿ ಅನಿಲ ಲೋಹವನ್ನೇ ಕೆತ್ತುತ್ತದೆ. ಹಗುರ ರಿವಾಲ್ವರಿನಲ್ಲಿ ಮ್ಯಾಗ್ನಮ್ ಹೊಡೆದು ಎರಡನೆಯ ಗುಂಡನ್ನು ಮೊದಲನೆಯದರ ಹತ್ತಿರ ಇಡಬಲ್ಲವರು ಇದ್ದಾರೆ, ಆದರೆ ತುಂಬಾ ಜನ ಇಲ್ಲ.

ತೋಟಾ ಸಿಡಿಸಲು ಬಡಿಯುವ ಹ್ಯಾಮರ್ ವಿಷಯದಲ್ಲಿ ನನಗೆ ಅನುಮಾನವೇ ಇರಲಿಲ್ಲ: ಹೊರಗೆ ಕಾಣಬಾರದು. ಹೊರಗೆ ಕೊಕ್ಕೆಯಿದ್ದರೆ ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಒಳಗೇ ಮುಚ್ಚಿಹೋದ ಹ್ಯಾಮರ್ 1952ರ ಸೆಂಟೆನಿಯಲ್ ಮಾದರಿಯಿಂದಲೂ ಇದೆ. ಮೊದಲೇ ಹಿಂದಕ್ಕೆಳೆದು ಹಗುರವಾಗಿ ಒತ್ತುವ ಸೌಲಭ್ಯ ಇದರಲ್ಲಿ ಹೋಗುತ್ತದೆ. ಈ ಗಾತ್ರದಲ್ಲಿ ಅದು ನಷ್ಟವಲ್ಲ.

ಟ್ರಿಗರ್ ಮಾತ್ರ ನಿಜವಾದ ಕೆಲಸ. ಕಾರ್ಖಾನೆಯಿಂದ ಬಂದ ಜೆ-ಫ್ರೇಮಿನ (ಸ್ಮಿತ್ ಕಂಪನಿಯ ಈ ಸಣ್ಣ ಗಾತ್ರದ ಹೆಸರು) ಟ್ರಿಗರ್ ಎಳೆಯಲು ಐದು ಕಿಲೋಗಿಂತ ಹೆಚ್ಚು ಬಲ ಬೇಕು. ರಿವಾಲ್ವರಿನ ತೂಕ 400 ಗ್ರಾಂ, ಬೆರಳು ಎಳೆಯುವುದು ಅದರ ಹನ್ನೆರಡು ಪಟ್ಟು. ಹಿಡಿತ ಸ್ವಲ್ಪ ಸಡಿಲವಾದರೂ ಟ್ರಿಗರ್ ಬರುವ ಬದಲು ರಿವಾಲ್ವರೇ ಬೆರಳಿನ ಕಡೆ ತಿರುಗುತ್ತದೆ. ಹಗುರವಾದದ್ದು ಗುರಿ ತಪ್ಪುವುದಕ್ಕೆ ಒದೆತಕ್ಕಿಂತ ಇದೇ ದೊಡ್ಡ ಕಾರಣ. ನಾನು ಬೆರಳ ತುದಿಯ ಮೆತ್ತೆಯಲ್ಲಿ ಎಳೆಯುವುದಿಲ್ಲ, ಮೊದಲ ಗೆಣ್ಣಿನ ಮಡಿಕೆಯಲ್ಲಿ ಎಳೆಯುತ್ತೇನೆ. ಅಲ್ಲಿ ಬಲ ಸಿಗುತ್ತದೆ. ಅರ್ಧದಲ್ಲಿ ನಿಲ್ಲಿಸಿ ಮತ್ತೆ ಎಳೆಯುವ ಚಾಳಿ ಬೇಡ, ಒಂದೇ ಓಟದಲ್ಲಿ ಬರಬೇಕು. ಬಿಡುವಾಗಲೂ ಪೂರ್ತಿ ಮುಂದಕ್ಕೆ ಬಿಡಬೇಕು. ಅರ್ಧ ಬಿಟ್ಟು ಮತ್ತೆ ಎಳೆದರೆ ಟ್ರಿಗರ್ ಕಚ್ಚಿಕೊಳ್ಳುತ್ತದೆ, ಇಲ್ಲವೇ ಸಿಲಿಂಡರ್ ಒಂದು ತೋಟಾ ದಾಟಿಹೋಗುತ್ತದೆ. ‘ಕೆಟ್ಟುಹೋಗಿದೆ’ ಎಂಬ ದೂರುಗಳಲ್ಲಿ ಅನೇಕವು ಇದೇ.

ಟ್ರಿಗರ್ ಹಗುರವಾಗಲಿ ಎಂದು ಹ್ಯಾಮರನ್ನು ತಳ್ಳುವ ಮೇನ್‌ಸ್ಪ್ರಿಂಗ್ ಬದಲಿಸುವವರಿದ್ದಾರೆ. ಕೈಗೆ ಹಿತವಾಗುತ್ತದೆ, ಆದರೆ ತೋಟಾದ ತಳಕ್ಕೆ ಬಡಿಯುವ ಪಿನ್ ಹೊಡೆತದ ಬಲ ಇಳಿಯುತ್ತದೆ. ಗಟ್ಟಿ ಪ್ರೈಮರ್ (ತಳದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಇರುವ ತೋಟಾ ಸಿಡಿಯದೆ ಉಳಿಯುತ್ತದೆ, ಪ್ರೈಮರ್ ಮೇಲೆ ಆಳವಿಲ್ಲದ ಸಣ್ಣ ಗುಳಿ ಮಾತ್ರ ಕಾಣುತ್ತದೆ. ಹೊತ್ತು ತಿರುಗುವ ರಿವಾಲ್ವರಿಗೆ ಕಾರ್ಖಾನೆಯ ಸ್ಪ್ರಿಂಗೇ ಇರಲಿ. ಖಾಲಿ ರಿವಾಲ್ವರಿನಲ್ಲಿ ಸಾವಿರಾರು ಸಲ ಎಳೆದರೆ ಟ್ರಿಗರ್ ತಾನೇ ನುಣುಪಾಗುತ್ತದೆ, ಬೆರಳಿಗೂ ಬಲ ಬರುತ್ತದೆ. ತೋಟಾಗಳೆಲ್ಲ ಬೇರೆ ಕೋಣೆಯಲ್ಲಿ. ಸಿಲಿಂಡರ್ ತೆರೆದು ಚೇಂಬರ್ ಎನ್ನುವ ಐದೂ ತೂತುಗಳನ್ನು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ, ಹಿಂದೆ ಗಟ್ಟಿ ಗೋಡೆಯಿರುವ ಕಡೆ ತಿರುಗಿಸಿ, ದಿನಕ್ಕೆ ಇಪ್ಪತ್ತು ಸಲ. ಮುಂದಿನ ಸೈಟ್ (ಗುರಿ ನೋಡುವ ಮೊನೆ) ಮೇಲೆ ಒಂದು ನಾಣ್ಯವಿಟ್ಟು ಅದು ಬೀಳದಂತೆ ಎಳೆಯುವುದು ಹಳೇ ಉಪಾಯ, ಈಗಲೂ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. .22ರಂಥ, ಪಿನ್ ತೋಟಾದ ತಳದ ಅಂಚಿಗೆ ಬಡಿಯುವ ರಿಮ್‌ಫೈರ್ ಮಾದರಿಗಳಲ್ಲಿ ಹೀಗೆ ಖಾಲಿ ಎಳೆಯುವ ಮುನ್ನ ಕೈಪಿಡಿ ನೋಡಬೇಕು. ಹಲವು ಮಾದರಿಗಳಲ್ಲಿ ಪಿನ್ ಚೇಂಬರಿನ ಅಂಚಿಗೇ ಬಡಿದು ಹಾಳಾಗುತ್ತದೆ.

ಹಿಡಿತ ಆದಷ್ಟೂ ಮೇಲೆ. ಕೆಳಗೆ ಹಿಡಿದರೆ ಒದೆತ ಮಣಿಕಟ್ಟನ್ನು ಮೇಲಕ್ಕೆ ಮಡಚುತ್ತದೆ, ಟ್ರಿಗರ್ ಗಾರ್ಡಿನ ಹಿಂಬದಿ ಮಧ್ಯದ ಬೆರಳಿನ ಗೆಣ್ಣಿಗೆ ಬಡಿಯುತ್ತದೆ. ಹೆಬ್ಬೆರಳನ್ನು ಕೆಳಕ್ಕೆ ಮಡಚಿ, ಇನ್ನೊಂದು ಕೈಯ ಹೆಬ್ಬೆರಳನ್ನು ಅದರ ಮೇಲೆ ಬಿಗಿಯುತ್ತೇನೆ. ಪಿಸ್ತೂಲಿನವರು ಹೆಬ್ಬೆರಳನ್ನು ಮುಂದಕ್ಕೆ ಚಾಚುವಂತೆ ಇಲ್ಲಿ ಚಾಚಿದರೆ ಸಿಲಿಂಡರಿಗೂ ಬ್ಯಾರಲ್‌ಗೂ ನಡುವಿನ ಸಂದಿಯ ಪಕ್ಕಕ್ಕೆ ಬರುತ್ತದೆ. ಆ ಸಂದಿ ಮಿಲಿಮೀಟರಿನ ಕಾಲು ಭಾಗಕ್ಕಿಂತಲೂ ಕಮ್ಮಿ, ಆದರೂ ಅಲ್ಲಿಂದ ನುಗ್ಗುವ ಅನಿಲ ಚರ್ಮ ಸೀಳುವಷ್ಟು ಬಿರುಸು. ಹಿಡಿ ಎರಡು ಬೆರಳಿಗೆ ಸಾಕಾಗುವ ಗಿಡ್ಡದ್ದೋ, ಮೂರು ಬೆರಳೂ ಕೂರುವ ರಬ್ಬರಿನದೋ ಎಂಬುದು ಜೇಬಿನ ಆಳ ನೋಡಿ. ರಬ್ಬರ್ ಒದೆತ ನುಂಗುತ್ತದೆ ನಿಜ, ಜೇಬಿನ ಬಟ್ಟೆಗೂ ಅಂಟಿಕೊಳ್ಳುತ್ತದೆ.

ತೋಟಾ ಆರಿಸುವಾಗ ಹಗುರ ರಿವಾಲ್ವರಿಗೆ ಮಾತ್ರ ಅಂಟಿದ ಒಂದು ಪೀಡೆ ಗೊತ್ತಿರಬೇಕು. ಒಂದು ಗುಂಡು ಹೊಡೆದಾಗ ರಿವಾಲ್ವರ್ ರಪ್ಪನೆ ಹಿಂದಕ್ಕೆ ಬರುತ್ತದೆ. ಸಿಲಿಂಡರಿನಲ್ಲಿರುವ ಉಳಿದ ತೋಟಾಗಳ ಕೇಸ್ (ಲೋಹದ ಹೊರಕೋಶ) ಅದರ ಜೊತೆ ಬರುತ್ತದೆ, ತಲೆಯಲ್ಲಿರುವ ಸೀಸ ಇದ್ದಲ್ಲೇ ಇರಲು ನೋಡುತ್ತದೆ. ಕೇಸಿನ ಬಾಯಿ ಬಿಗಿ ಸಾಲದಿದ್ದರೆ ಗುಂಡು ಕೂದಲೆಳೆಯಷ್ಟು ಮುಂದೆ ಜಾರುತ್ತದೆ. ನಾಲ್ಕು ಸಲ ಒದೆತ ತಿಂದ ಐದನೆಯದರ ಮೂತಿ ಸಿಲಿಂಡರಿನ ಮುಖ ದಾಟಿ ಬ್ಯಾರಲ್ ಹಿಂಬದಿಗೆ ತಾಗಿದರೆ ಸಿಲಿಂಡರ್ ತಿರುಗುವುದೇ ಇಲ್ಲ. ಹೊದಿಕೆಯಿಲ್ಲದ ಸೀಸದ ಗುಂಡಿನಲ್ಲಿ, ಬಿರುಸು ತೋಟಾದಲ್ಲಿ ಇದು ಹೆಚ್ಚು. ಪರೀಕ್ಷೆ ಸುಲಭ: ಒಂದು ತೋಟಾದ ಪೂರ್ತಿ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆದು ಬರೆದುಕೊಳ್ಳಿ, ತಳಕ್ಕೆ ಶಾಯಿಯ ಗುರುತು ಹಾಕಿ. ಅದು ಕೊನೆಗೆ ಬರುವಂತೆ ತುಂಬಿ, ಉಳಿದ ನಾಲ್ಕನ್ನು ಹೊಡೆದು, ತೆಗೆದು ಮತ್ತೆ ಅಳೆಯಿರಿ. ಅಳತೆ ಕಣ್ಣಿಗೆ ಬೀಳುವಷ್ಟು ಬೆಳೆದಿದ್ದರೆ ಆ ತೋಟಾ ಈ ರಿವಾಲ್ವರಿಗಲ್ಲ. ಒಂದೇ ಸಲ ನೋಡಿ ಬಿಡಬೇಡಿ, ಎರಡು-ಮೂರು ಸಿಲಿಂಡರ್ ತುಂಬಾ ನೋಡಿ. ಅಳೆದ ತೋಟಾವನ್ನು ಮತ್ತೆ ಹೊರುವ ಸಾಲಿಗೆ ಸೇರಿಸದೆ ಅಲ್ಲೇ ಹೊಡೆದು ಮುಗಿಸುವುದು ಲೇಸು.

ಅಭ್ಯಾಸಕ್ಕೆ ನಾನು ನೆಚ್ಚುವುದು 148 ಗ್ರೇನಿನ, ಅಂದರೆ 9.6 ಗ್ರಾಮಿನ ವಾಡ್‌ಕಟರ್. ಮೂತಿ ಚಪ್ಪಟೆ, ವೇಗ ಕಮ್ಮಿ, ಒದೆತ ಮೆದು, ಕಾಗದದಲ್ಲಿ ಗುಂಡಗೆ ಕತ್ತರಿಸಿದಂಥ ತೂತು. ಒಂದೇ ದೋಷ, ಚಪ್ಪಟೆ ಮೂತಿ ಚೇಂಬರಿನ ಬಾಯಿಗೆ ಸಲೀಸಾಗಿ ಇಳಿಯುವುದಿಲ್ಲ, ತುಂಬಲು ನಿಧಾನ. ಇನ್ನೊಂದು ಗಮನಿಸಬೇಕು. ಈ ರಿವಾಲ್ವರುಗಳ ಸೈಟ್ ಹೊಂದಿಸಲು ಬರುವುದಿಲ್ಲ. ಸಾಮಾನ್ಯವಾಗಿ 158 ಗ್ರೇನ್ ಗುಂಡಿಗೆ ಕೂಡಿಸಿರುತ್ತಾರೆ. 110 ಗ್ರೇನಿನ ವೇಗದ ಗುಂಡು ಹಾಕಿದರೆ ಏಟು ಕೆಳಗೆ ಬೀಳುತ್ತದೆ. ಹಗುರ ಗುಂಡು ಬೇಗ ಹೊರಟುಹೋಗುವುದರಿಂದ ಬ್ಯಾರಲ್ ಮೇಲೇಳಲು ಸಮಯವೇ ಸಿಗುವುದಿಲ್ಲ. ಮುಂದಿನ ಸೈಟ್ ಕಣ್ಣಿಗೆ ಹೊಡೆಯುವಂತಿರಲಿ ಎಂದು ಬಿಳಿ ಉಗುರು ಬಣ್ಣ ಒಂದು ಪದರ, ಅದು ಒಣಗಿದ ಮೇಲೆ ಕಿತ್ತಳೆ ಎರಡು ಪದರ ಬಳಿದಿದ್ದೇನೆ. ಮೊದಲು ಸ್ಪಿರಿಟ್‌ನಲ್ಲಿ ಎಣ್ಣೆ ಒರೆಸದಿದ್ದರೆ ವಾರದಲ್ಲಿ ಸುಲಿದುಬರುತ್ತದೆ.

ರೇಂಜ್‌ನಲ್ಲಿ ಒಂದು ಸಲಕ್ಕೆ 30 ಗುಂಡು ಸಾಕು. ಅದಕ್ಕಿಂತ ಹೆಚ್ಚಾದರೆ ಕೈ ಕಲಿಯುವುದು ಹೆದರಿಕೆಯನ್ನು. 25 ಮೆದು ತೋಟಾ, ಕೊನೆಯ ಐದು ಹೊರುವ ತೋಟಾ. ದೂರ ಮೂರು, ಐದು, ಏಳು ಮೀಟರ್. ಏಳು ಮೀಟರಿನಿಂದ ಐದೂ ಊಟದ ತಟ್ಟೆಗಿಂತ ಚಿಕ್ಕ, 15 ಸೆಂಟಿಮೀಟರ್ ವೃತ್ತದೊಳಗೆ ಬಿದ್ದರೆ ಸಮಾಧಾನ. ನಡುವೆ ಒಮ್ಮೆ ಮೂರು ತೋಟಾ, ಎರಡು ಖಾಲಿ ಕೇಸ್ ಬೆರೆಸಿ, ಯಾವುದು ಎಲ್ಲಿದೆ ಎಂದು ನೋಡದೆ ಮುಚ್ಚಿ ಹೊಡೆಯುತ್ತೇನೆ. ಖಾಲಿಯ ಮೇಲೆ ಹ್ಯಾಮರ್ ಬಿದ್ದಾಗ ಮೂತಿ ಕೆಳಕ್ಕೆ ಕುಕ್ಕಿದರೆ, ಕೈ ಒದೆತಕ್ಕೆ ಮೊದಲೇ ಬೆಚ್ಚುತ್ತಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಮರು ತುಂಬುವುದರಲ್ಲಿ ತೊಂದರೆ ಕೊಡುವುದು ಖಾಲಿ ಕೇಸುಗಳನ್ನು ಹೊರತಳ್ಳುವ ಗಿಡ್ಡ ಇಜೆಕ್ಟರ್ ಕಡ್ಡಿ. .38ರ ಕೇಸ್ ಸುಮಾರು 29 ಮಿಲಿಮೀಟರ್ ಉದ್ದ, ಕಡ್ಡಿ ಅಷ್ಟು ದೂರ ತಳ್ಳುವುದಿಲ್ಲ. ಮೆಲ್ಲಗೆ ಒತ್ತಿದರೆ ಕೇಸುಗಳು ಅರ್ಧ ಹೊರಬಂದು ನೇತಾಡುತ್ತವೆ. ಒಂದರ ಅಂಚು ಕೇಸುಗಳನ್ನು ಎತ್ತುವ ನಕ್ಷತ್ರಾಕಾರದ ಎಕ್ಸ್‌ಟ್ರಾಕ್ಟರಿನ ಕೆಳಗೆ ನುಗ್ಗಿತೋ, ಉಗುರಿನಿಂದ ಕೀಳುತ್ತಾ ಕೂರಬೇಕು. ಮೂತಿಯನ್ನು ನೇರ ಆಕಾಶಕ್ಕೆ ಎತ್ತಿ, ಅಂಗೈಯಿಂದ ಕಡ್ಡಿಗೆ ಒಂದೇ ಗಟ್ಟಿ ಏಟು. ಆಮೇಲೆ ಮೂತಿ ನೆಲಕ್ಕೆ ಮಾಡಿ ತುಂಬುವುದು. ಸಿಲಿಂಡರ್ ತೆರೆಯುವ ಗುಂಡಿಯನ್ನು ಸ್ಮಿತ್‌ನಲ್ಲಿ ಮುಂದಕ್ಕೆ ತಳ್ಳಬೇಕು, ಕೋಲ್ಟ್‌ನಲ್ಲಿ ಹಿಂದಕ್ಕೆ ಎಳೆಯಬೇಕು, ರೂಗರ್‌ನಲ್ಲಿ ಒಳಕ್ಕೆ ಒತ್ತಬೇಕು. ಎರಡು ಕಂಪನಿಯದು ಇಟ್ಟುಕೊಂಡವರ ಬೆರಳು ತಬ್ಬಿಬ್ಬಾಗುವುದು ಇಲ್ಲೇ. ಜೇಬಿಗೆ, ತೋಟಾಗಳನ್ನು ಒಟ್ಟಿಗೆ ತುಂಬುವ ದುಂಡನೆಯ ಸ್ಪೀಡ್‌ಲೋಡರಿಗಿಂತ ತೋಟಾಗಳನ್ನು ಸಾಲಾಗಿ ಹಿಡಿದಿಡುವ ಚಪ್ಪಟೆ ಸ್ಪೀಡ್ ಸ್ಟ್ರಿಪ್ ಮೇಲು. ಆರು ಜಾಗದ ಪಟ್ಟಿಯಲ್ಲಿ ಎರಡು ತೋಟಾ, ಒಂದು ಖಾಲಿ, ಮತ್ತೆ ಎರಡು ಎಂದು ಜೋಡಿಸಿದರೆ ಬೆರಳಿಗೆ ಹಿಡಿಯಲು ಜಾಗ ಸಿಗುತ್ತದೆ, ಜೋಡಿ ಜೋಡಿಯಾಗಿ ಇಳಿಯುತ್ತವೆ. ಇನ್ನು ಸಿನಿಮಾದಲ್ಲಿ ಮಣಿಕಟ್ಟು ಝಾಡಿಸಿ ಸಿಲಿಂಡರ್ ಮುಚ್ಚುತ್ತಾರಲ್ಲ, ಹಾಗೆ ನಾಲ್ಕು ಸಲ ಮಾಡಿದರೆ ಅದನ್ನು ಹೊತ್ತ ತೋಳು ಬಾಗಿ, ಚೇಂಬರ್ ಬ್ಯಾರಲ್‌ಗೆ ನೇರ ನಿಲ್ಲುವುದಿಲ್ಲ.

ಹೊರುವ ಜಾಗ ನನಗೆ ಮುಂದಿನ ಜೇಬು, ಅದೂ ರಿವಾಲ್ವರಿಗೆಂದೇ ಇರುವ ಚೀಲವಾದ ಹೋಲ್‌ಸ್ಟರ್ ಒಳಗೆ ಮಾತ್ರ. ಬರಿದೇ ಹಾಕಿದರೆ ಜೇಬಿನಲ್ಲಿ ತಿರುಗಿ ತಲೆಕೆಳಗಾಗುತ್ತದೆ, ಟ್ರಿಗರ್ ತೆರೆದೇ ಇರುತ್ತದೆ. ಆ ಜೇಬಿನಲ್ಲಿ ಬೇರೆ ಏನೂ ಇರಕೂಡದು, ಬೀಗದ ಕೈಯೂ ಇಲ್ಲ, ಚಿಲ್ಲರೆಯೂ ಇಲ್ಲ. ಕೈಯನ್ನು ಚಪ್ಪಟೆಯಾಗಿ ಒಳಗಿಳಿಸಿ, ಹೆಬ್ಬೆರಳನ್ನು ಹ್ಯಾಮರ್ ಮುಚ್ಚಿದ ಬೆನ್ನಿನ ಮೇಲಿಟ್ಟು ತೆಗೆಯಬೇಕು. ಮುಷ್ಟಿ ಕಟ್ಟಿದರೆ ಕೈ ಜೇಬಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ತೋರುಬೆರಳು ನೇರ, ಗಾರ್ಡಿನ ಹೊರಗೆ. ಹೋಲ್‌ಸ್ಟರ್ ಜೇಬಿನಲ್ಲೇ ಉಳಿಯಬೇಕು. ಜೊತೆಗೇ ಹೊರಬರುವಂಥದ್ದಾದರೆ ಬದಲಿಸಿ. ವಾಪಸ್ ಇಡುವಾಗ ಹೋಲ್‌ಸ್ಟರನ್ನು ಹೊರತೆಗೆದು, ರಿವಾಲ್ವರ್ ಅದರಲ್ಲಿ ಕೂಡಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಜೇಬಿಗಿಳಿಸುತ್ತೇನೆ. ಕುರ್ಚಿಯಲ್ಲಿ, ಕಾರಿನಲ್ಲಿ ಕೂತಾಗ ಈ ಜೇಬಿಗೆ ಕೈ ಹೋಗುವುದಿಲ್ಲ. ಹೆಚ್ಚು ಹೊತ್ತು ಕೂರುವವರು ಬೆಲ್ಟಿನ ದಾರಿ ನೋಡಬೇಕು.

ಜೇಬೆಂದರೆ ಧೂಳು, ನೂಲಿನ ಎಳೆ, ಬೆವರು. ವಾರಕ್ಕೊಮ್ಮೆ ಖಾಲಿ ಮಾಡಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಟ್ರಿಗರಿನ ಹಿಂದೆ, ಎಕ್ಸ್‌ಟ್ರಾಕ್ಟರಿನ ಕೆಳಗೆ ಗುಡಿಸುತ್ತೇನೆ. ನಕ್ಷತ್ರದಡಿ ನಾಲ್ಕು ಕಾಳು ಉರಿಯದ ಮದ್ದು ಕೂತರೂ ಸಿಲಿಂಡರ್ ಬಿಗಿಯಾಗುತ್ತದೆ. ಎಣ್ಣೆ ಹೆಚ್ಚು ಹಾಕಿದರೆ ಧೂಳು ಹಿಟ್ಟಾಗುತ್ತದೆ, ಪ್ರೈಮರಿಗೂ ಇಳಿಯಬಹುದು. ಕೀಲುಗಳಿಗೆ ಒಂದೊಂದು ಹನಿ ಸಾಕು. ಟೈಟೇನಿಯಂ ಸಿಲಿಂಡರನ್ನು ಒರಟು ಪುಡಿಯಿಂದ ತಿಕ್ಕಬಾರದು, ಮೇಲ್ಪದರ ಹೋಗುತ್ತದೆ. ಹಿಡಿ ಬಿಚ್ಚಿ ಒಳಗೆ ತುಕ್ಕು ಹಿಡಿದಿದೆಯೇ ನೋಡುವುದು ತಿಂಗಳಿಗೊಮ್ಮೆ. ಆಗಲೇ ಇಜೆಕ್ಟರ್ ಕಡ್ಡಿಯನ್ನು ಬೆರಳಿಂದ ತಿರುಗಿಸಿ ನೋಡುತ್ತೇನೆ; ಅದು ಸಡಿಲವಾಗಿ ಮುಂದೆ ಬಂದರೆ ಸಿಲಿಂಡರ್ ತೆರೆಯುವುದೇ ಇಲ್ಲ. ಈಗಿನ ಸ್ಮಿತ್‌ಗಳಲ್ಲಿ ಅದು ಎಡಸುತ್ತಿನ ತಿರುಪು, ಬಲಕ್ಕೆ ತಿರುಗಿಸಿ ಬಿಗಿಯುತ್ತೇನೆಂದು ಹೊರಟವರು ಬಿಚ್ಚಿಕೊಂಡು ಕೂರುತ್ತಾರೆ. ಅಲ್ಯೂಮಿನಿಯಂ ಫ್ರೇಮಿನಲ್ಲಿ ಬ್ಯಾರಲ್ ತಿರುಪು ಕೂರುವ ಜಾಗದ ಕೆಳಗೆ, ಸಿಲಿಂಡರ್ ತೆರೆದಾಗ ಕಾಣುವ ತೆಳು ಗೋಡೆಯನ್ನು ಟಾರ್ಚ್ ಬಿಟ್ಟು ನೋಡಿ. ಕೂದಲಿನಂಥ ಗೀರು ಕಂಡರೆ ಮತ್ತೆ ಹೊಡೆಯದೆ ಬಂದೂಕು ರಿಪೇರಿಯವರಿಗೆ ತೋರಿಸಬೇಕು.

ಹೊರುವ ತೋಟಾಗಳನ್ನು ವರ್ಷಕ್ಕೊಮ್ಮೆ ಹೊಡೆದು ಹೊಸದು ತುಂಬುತ್ತೇನೆ. ಮನೆಯಲ್ಲಿ ಜೇಬಿನಿಂದ ಹೊರಬಂದ ರಿವಾಲ್ವರ್ ನೇರ ಬೀಗದ ಪೆಟ್ಟಿಗೆಗೆ. ಐದು ಕಿಲೋ ಟ್ರಿಗರ್ ಮಕ್ಕಳ ಕೈಗೆ ಬರದು ಎಂದುಕೊಳ್ಳಬೇಡಿ, ಎರಡೂ ಕೈಯ ಬೆರಳು ಸೇರಿಸಿದರೆ ಬರುತ್ತದೆ. ಪೆಟ್ಟಿಗೆ ಇಲ್ಲದ ಕಡೆ ಸಿಲಿಂಡರ್ ತೆರೆದು, ಐದನ್ನೂ ತೆಗೆದು, ಕೇಬಲ್ ಬೀಗವನ್ನು ಬ್ಯಾರಲ್ ಮೂಲಕ ಹಾಯಿಸಿ ಹಾಕಿದರೆ ಸಿಲಿಂಡರ್ ಮುಚ್ಚಲು ಬರುವುದಿಲ್ಲ. ಬೀಗದ ಕೈ ಮತ್ತು ತೋಟಾ ಎರಡೂ ಬೇರೆ ಬೇರೆ ಕಡೆ.