ದ್ರಾವಿಡ್ ಬಳಗಕ್ಕೆ ನಾವು ವಿದಾಯ ಹೇಳಿದ್ದು ಹೀಗೆ

ರಾಹುಲ್ ದ್ರಾವಿಡ್ ಅಭಿಮಾನಿಗಳಾದ ನಾವು ಕಟ್ಟಿಕೊಂಡಿದ್ದ ಕನ್ನಡ ಬಳಗವನ್ನು 2025ರ ಜನವರಿ 11ಕ್ಕೆ ಮುಚ್ಚಿದೆವು. ಅವತ್ತು ದ್ರಾವಿಡ್ ಅವರಿಗೆ 52 ತುಂಬಿದ ದಿನ. ಗೂಗಲ್‌ನ ಹಳೇ ಸಾಮಾಜಿಕ ಜಾಲತಾಣ ಆರ್ಕುಟ್‌ನಲ್ಲಿ ಹುಟ್ಟಿದ ಬಳಗ ಅದು. ಆಮೇಲೆ ಫೇಸ್‌ಬುಕ್‌ಗೆ ಬಂತು, ಪಕ್ಕದಲ್ಲೇ ಒಂದು ವಾಟ್ಸಾಪ್ ಗುಂಪೂ ಬೆಳೆಯಿತು. ನೋಡಿಕೊಳ್ಳೋಕೆ ನಾವು ಮೂರು ಜನ ಅಡ್ಮಿನ್‌ಗಳಿದ್ದೆವು. ಮುಚ್ಚುವ ಕೆಲಸದ ಬಹುಪಾಲು ನನ್ನ ಪಾಲಿಗೆ ಬಂತು. ಅದಾದ ಮೇಲೆ ಬೇರೆ ಬೇರೆ ಅಭಿಮಾನಿ ಬಳಗ ನಡೆಸುವವರು ಫೋನ್ ಮಾಡಿ, "ನಮ್ಮದೂ ಅದೇ ಸ್ಥಿತಿ, ನೀವು ಹೇಗೆ ಮಾಡಿದ್ರಿ?" ಅಂತ ಕೇಳುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಆಗಲೇ ಯಾಕೆ ಮುಚ್ಚಿದೆವು ಅನ್ನೋದು. 2012ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದ್ರಾವಿಡ್ ನಿವೃತ್ತಿ ಹೇಳಿದಾಗಲೇ ಬಳಗ ಮುಗೀತು ಅಂದುಕೊಂಡವರು ಜಾಸ್ತಿ. ಮುಗಿಯಲಿಲ್ಲ. ಅವರು 19 ವರ್ಷದೊಳಗಿನ ಹುಡುಗರಿಗೆ ಕೋಚ್ ಆದರು, 2018ರಲ್ಲಿ ಆ ಹುಡುಗರು ವಿಶ್ವಕಪ್ ಗೆದ್ದರು. 2021ರ ನವೆಂಬರ್‌ನಲ್ಲಿ ಅವರು ಭಾರತ ತಂಡದ ಕೋಚ್ ಆದರು. ಮಾತಾಡೋಕೆ ಏನಾದರೂ ಇದ್ದೇ ಇರುತ್ತಿತ್ತು. ಆಮೇಲೆ ಬಂತು 2024ರ ಜೂನ್ 29, ಬಾರ್ಬಡೋಸ್. ಟಿ20 ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 7 ರನ್‌ಗಳ ಗೆಲುವು. ಕಪ್ ಕೈಗೆ ಬಂದಾಗ ಆ ಮನುಷ್ಯ ಕೂಗಿದ ಕೂಗು ನೋಡಿದ್ದೀರಲ್ವಾ? 2007ರ ಏಕದಿನ ವಿಶ್ವಕಪ್‌ನಲ್ಲಿ, ಅದೇ ವೆಸ್ಟ್ ಇಂಡೀಸ್‌ನಲ್ಲಿ, ಅವರ ನಾಯಕತ್ವದ ತಂಡ ಬಾಂಗ್ಲಾದೇಶ, ಶ್ರೀಲಂಕಾ ಎರಡಕ್ಕೂ ಸೋತು ಮೊದಲ ಸುತ್ತಿನಲ್ಲೇ ಮನೆಗೆ ಬಂದಿತ್ತು. ಆ ನೋವನ್ನು ನಮ್ಮ ಬಳಗ ಹದಿನೇಳು ವರ್ಷ ಹೊತ್ತುಕೊಂಡು ತಿರುಗಿತ್ತು. ಆ ರಾತ್ರಿ ಬಂದ ಸಂದೇಶಗಳನ್ನು ಓದುವಾಗ ನನಗೆ ಗೊತ್ತಾಯಿತು, ನಾವು ಕಾಯುತ್ತಿದ್ದದ್ದು ಬಂದಾಯ್ತು ಅಂತ. ಉಳಿದ ಇಬ್ಬರಿಗೂ ಹಾಗೇ ಅನ್ನಿಸಿತ್ತು.

ಸುಮ್ನೆ ಅದರ ಪಾಡಿಗೆ ಬಿಟ್ಟುಬಿಡಬಹುದಿತ್ತು ಅನ್ನುವವರಿದ್ದಾರೆ. ನಾನು ಅದಕ್ಕೆ ಒಪ್ಪೋದಿಲ್ಲ. ನೋಡಿಕೊಳ್ಳುವವರಿಲ್ಲದ ಗುಂಪು ಖಾಲಿ ಕೂರೋದಿಲ್ಲ. ಯಾವನೋ ಒಬ್ಬ ಅಡ್ಮಿನ್‌ನ ಖಾತೆ ಕದಿಯುತ್ತಾನೆ, ಹೆಸರು ಬದಲಾಯಿಸುತ್ತಾನೆ, ಅಲ್ಲಿರುವ ಜನರಿಗೆಲ್ಲ ಸಾಲದ ಆ್ಯಪೋ ಬೆಟ್ಟಿಂಗ್ ಆ್ಯಪೋ ಮಾರಲು ಶುರು ಮಾಡುತ್ತಾನೆ. ಸದಸ್ಯರು ನಮ್ಮನ್ನು ನಂಬಿ ಸೇರಿದವರು. ದ್ರಾವಿಡ್ ಹೆಸರಲ್ಲಿ ಯಾರೋ ಅವರಿಗೆ ಮೋಸ ಮಾಡೋದನ್ನು ನೆನೆಸಿಕೊಂಡರೇ ಹೊಟ್ಟೆ ಉರಿಯುತ್ತಿತ್ತು.

ಎಲ್ಲರಿಗೂ ಹೇಳುವ ಮೊದಲು ಹಳಬರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆವು. ಇದನ್ನು ಮಾತ್ರ ಯಾರೂ ತಪ್ಪಿಸಬೇಡಿ. ಮೊದಲಿನಿಂದ ಜೊತೆಗಿದ್ದವರು ಎಲ್ಲರ ಜೊತೆ ನಿಂತು ಒಂದು ಪ್ರಕಟಣೆ ಓದಿ ವಿಷಯ ತಿಳಿಯಬಾರದು. ಒಬ್ಬರು ಅತ್ತರು. ಇನ್ನೊಬ್ಬರು, "ಇಷ್ಟು ದಿನ ನಡೆಸಿದ್ರಲ್ಲ ಮಾರಾಯ್ರೆ, ಅದೇ ದೊಡ್ಡದು" ಅಂದರು. ಆಮೇಲೆ ದಸರಾ ಹೊತ್ತಿಗೆ ಎಲ್ಲರಿಗೂ ತಿಳಿಸಿದೆವು. ಅದರಲ್ಲಿ ನಾಲ್ಕು ವಿಷಯ ಇತ್ತು: ಮುಚ್ಚುತ್ತೇವೆ, ಈ ದಿನ ಮುಚ್ಚುತ್ತೇವೆ, ಯಾರ ಮೇಲೂ ಬೇಸರದಿಂದಲ್ಲ, ಅಷ್ಟರೊಳಗೆ ನಿಮಗೆ ಬೇಕಾದ್ದನ್ನು ಇಳಿಸಿಕೊಳ್ಳಿ. ದಿನ ಮೊದಲೇ ಹೇಳಿದ್ದರಿಂದ ಒಳ್ಳೇದೇ ಆಯಿತು. "ಸದ್ಯದಲ್ಲೇ" ಅಂದಿದ್ದರೆ ಯಾರೂ ನಂಬುತ್ತಿರಲಿಲ್ಲ.

ಸಿಟ್ಟು ಮಾಡಿಕೊಂಡವರೂ ಇದ್ದರು. ಇಬ್ಬರು ಹುಡುಗರು, "ನಮಗೆ ಕೊಡಿ ಸರ್, ನಾವು ನಡೆಸ್ತೀವಿ" ಅಂತ ಮುಂದೆ ಬಂದರು. ಒಳ್ಳೆಯ ಹುಡುಗರೇ. ಆದರೂ ಬೇಡ ಅಂದೆವು. ನೀವು ನಿಮ್ಮದೇ ಹೆಸರಲ್ಲಿ ಹೊಸದು ಶುರು ಮಾಡಿ, ಬರಬೇಕು ಅನ್ನಿಸಿದವರು ಬರಲಿ, ಗೊತ್ತಿದ್ದದ್ದನ್ನೆಲ್ಲ ಹೇಳಿಕೊಡ್ತೀವಿ ಅಂದೆವು. ಹಳೇ ಗುಂಪಿನ ಕೀಲಿ ಕೊಟ್ಟರೆ ಅದರ ಜೊತೆ ಸಾವಿರಾರು ಜನರ ಹಳೇ ಮಾತು, ಮನೆ ಮಕ್ಕಳ ಫೋಟೋ, ಊರು, ನಂಬರ್ ಎಲ್ಲವನ್ನೂ ಕೊಟ್ಟ ಹಾಗೆ. ಅದನ್ನು ಕೊಡುವ ಹಕ್ಕು ನಮಗಿಲ್ಲ. ಈಗ ಆ ಹುಡುಗರು ಕರ್ನಾಟಕದ ರಣಜಿ ತಂಡಕ್ಕೆಂದೇ ಒಂದು ಗುಂಪು ನಡೆಸುತ್ತಿದ್ದಾರೆ, ಚೆನ್ನಾಗಿದೆ.

ಇನ್ನು ಏನನ್ನು ಉಳಿಸಿಕೊಳ್ಳೋದು ಅನ್ನುವ ಪ್ರಶ್ನೆ. ಇದೇ ದೊಡ್ಡ ಕೆಲಸ.

ಆರ್ಕುಟ್ ಶುರುವಾಗಿದ್ದು 2004ರ ಜನವರಿಯಲ್ಲಿ. ಅದನ್ನು ಮುಚ್ಚುತ್ತೇವೆ ಅಂತ ಗೂಗಲ್ 2014ರ ಜೂನ್ ಕೊನೆಗೆ ಹೇಳಿತು, ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಆ ಮೂರು ತಿಂಗಳಲ್ಲಿ ನಮ್ಮ ಬಳಗದ ಒಬ್ಬರು ಅಲ್ಲಿನ ಮುಖ್ಯ ಚರ್ಚೆಗಳನ್ನು ಪುಟ ಪುಟವಾಗಿ ಸೇವ್ ಮಾಡಿಟ್ಟಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ. ಅವರ ಆ ಫೋಲ್ಡರ್ ಇಲ್ಲದಿದ್ದರೆ ನಮ್ಮ ಮೊದಲ ಹತ್ತು ವರ್ಷ ಬರೀ ನೆನಪಲ್ಲೇ ಇರುತ್ತಿತ್ತು. ಫೇಸ್‌ಬುಕ್‌ನಲ್ಲಿ ವಿಷಯ ಬೇರೆ. ಅಲ್ಲಿ ಮಾಹಿತಿ ಇಳಿಸಿಕೊಳ್ಳುವ ಸೌಲಭ್ಯ ಇದೆ, ಆದರೆ ಅದು ಕೊಡುವುದು ನಿಮ್ಮ ಸ್ವಂತ ಪೋಸ್ಟು, ನಿಮ್ಮ ಸ್ವಂತ ಕಾಮೆಂಟು. ಅಡ್ಮಿನ್ ಆದರೂ ಇಡೀ ಗುಂಪಿನದ್ದು ಬರೋದಿಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ಅವರವರದ್ದನ್ನು ಅವರೇ ಇಳಿಸಿಕೊಳ್ಳೋಕೆ ಹೇಳಿದೆವು. ಹೇಗೆ ಅನ್ನೋದನ್ನು ಚಿತ್ರ ಸಮೇತ ಕನ್ನಡದಲ್ಲಿ ಬರೆದು ಹಾಕಿದೆ. ವಯಸ್ಸಾದ ಕೆಲವರಿಗೆ ವಿಡಿಯೊ ಕಾಲ್‌ನಲ್ಲಿ ಕೂತು ಮಾಡಿಸಿದೆ. ವಾಟ್ಸಾಪ್‌ನಲ್ಲಿ 'ಎಕ್ಸ್‌ಪೋರ್ಟ್ ಚಾಟ್' ಇದೆ. ಫೋಟೋ ಸೇರಿಸಿದರೆ ಇತ್ತೀಚಿನ ಸುಮಾರು 10,000 ಸಂದೇಶ, ಫೋಟೋ ಬಿಟ್ಟರೆ ಸುಮಾರು 40,000 ಬರುತ್ತದೆ. ಅದಕ್ಕಿಂತ ಹಳೆಯದು ಆ ದಾರಿಯಲ್ಲಿ ಸಿಗೋದಿಲ್ಲ. ಮಾತು ಜಾಸ್ತಿ ಇರುವ ಗುಂಪಾದರೆ ಕೊನೆಯ ತನಕ ಕಾಯಬೇಡಿ.

ಎಲ್ಲವನ್ನೂ ಉಳಿಸಬೇಕು ಅನ್ನುವ ಆಸೆ ಮೊದಲು ಬರುತ್ತದೆ. ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ನಾವು ದ್ರಾವಿಡ್ ಇನಿಂಗ್ಸ್‌ಗಳ ಬಗ್ಗೆ ಬರೆದದ್ದನ್ನು ಮಾತ್ರ ಒಂದು ಸಂಕಲನ ಮಾಡಿದೆವು. ಅಡಿಲೇಡ್ 2003ರ 233 ಮತ್ತು ಔಟಾಗದೆ 72, ರಾವಲ್ಪಿಂಡಿಯ 270, 2001ರ ಕೋಲ್ಕತ್ತದ 180, ಲೀಡ್ಸ್‌ನ 148. ಇವುಗಳಲ್ಲಿ ಕೆಲವನ್ನು ಜನ ವರ್ಷಗಳಾದ ಮೇಲೆ ನೆನಪಿನಿಂದ ಬರೆದದ್ದು, ಆದರೆ ಎಷ್ಟು ಚೆನ್ನಾಗಿ ಬರೆದಿದ್ದರು! ಅಡಿಲೇಡ್ ಗೆದ್ದಾಗ ಆಸ್ಟ್ರೇಲಿಯಾ ನಾಯಕ ಸ್ಟೀವ್ ವಾ ಬೌಂಡರಿಯ ಮೋರಿಯಿಂದ ಚೆಂಡು ಎತ್ತಿ ತಂದು ದ್ರಾವಿಡ್ ಕೈಗೆ ಕೊಟ್ಟದ್ದನ್ನು, ಆಗ ಶಿರಸಿಯಲ್ಲಿ ಕರೆಂಟ್ ಹೋಗಿ ಪಕ್ಕದ ಅಂಗಡಿಯ ರೇಡಿಯೊದಲ್ಲಿ ಕೇಳಿದವರೊಬ್ಬರು ಬರೆದಿದ್ದರು. ಅಂಥದ್ದು ಉಳಿಯಬೇಕು.

ಬಿಟ್ಟದ್ದು 2007ರ ಮಾರ್ಚ್ ತಿಂಗಳದ್ದು. ಆ ಸೋಲಿನ ನಂತರ ಆರ್ಕುಟ್‌ನಲ್ಲಿ ನಮ್ಮವರೇ ಬರೆದ ಮಾತುಗಳಿದ್ದವು, ಬಹಳ ಒರಟು. ಬರೆದವರೆಲ್ಲ ಆಗ ಕಾಲೇಜು ಹುಡುಗರು. ಈಗ ಅವರಲ್ಲಿ ಒಬ್ಬರು ಶಾಲೆಯ ಮುಖ್ಯೋಪಾಧ್ಯಾಯರು. ಯಾರ ಬರಹ ಸೇರಿಸಿದರೂ ಅವರನ್ನು ಕೇಳಿಯೇ ಸೇರಿಸೋದು ಅಂತ ನಿಯಮ ಮಾಡಿಕೊಂಡಿದ್ದೆವು. ಉತ್ತರ ಬರದಿದ್ದರೆ ಸೇರಿಸಲಿಲ್ಲ. ಇದರಿಂದ ಒಳ್ಳೊಳ್ಳೆಯ ಬರಹಗಳೂ ಹೋದವು. ಸಂಕಟ ಆಯಿತು. ಆದರೂ ಇಪ್ಪತ್ತರ ವಯಸ್ಸಲ್ಲಿ ಗೆಳೆಯರ ನಡುವೆ ಆಡಿದ ಮಾತು ಆಡಿದವರದ್ದೇ ಅಲ್ವಾ.

ಲಿಪಿಯ ಕೆಲಸವೂ ಇತ್ತು. ಹಳೆಯ ಬರಹಗಳಲ್ಲಿ ಅರ್ಧಕ್ಕರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಇನ್ನು ಕೆಲವರು ಆಗ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿ, ಯೂನಿಕೋಡ್ ಅಲ್ಲದ, ಅಂದರೆ ಈಗಿನ ಫೋನು, ಕಂಪ್ಯೂಟರು ನೇರವಾಗಿ ಓದದ ಫಾಂಟ್‌ನಲ್ಲಿ ಫೈಲ್ ಇಟ್ಟಿದ್ದರು. ಈಗ ತೆರೆದರೆ ಬರೀ ಚಿಹ್ನೆಗಳು. ಅವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದೆವು. ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪುತ್ತವೆ, ಕೂತು ತಿದ್ದಬೇಕು. ಇಂಗ್ಲಿಷ್ ಅಕ್ಷರದ್ದನ್ನು ನಾಲ್ಕು ಜನ ಹಂಚಿಕೊಂಡು ಕನ್ನಡಕ್ಕೆ ಇಳಿಸಿದರು. ಭಾಷೆ ಮಾತ್ರ ಮುಟ್ಟಲಿಲ್ಲ. ಹುಬ್ಬಳ್ಳಿಯವರದ್ದು ಹುಬ್ಬಳ್ಳಿಯದ್ದಾಗಿಯೇ, ಮಂಗಳೂರಿನವರದ್ದು ಮಂಗಳೂರಿನದ್ದಾಗಿಯೇ ಇದೆ.

ನಮ್ಮ ಬಳಗದಲ್ಲಿ ದಾವಣಗೆರೆಯ ಒಬ್ಬರು ನಿವೃತ್ತ ಮೇಷ್ಟ್ರಿದ್ದರು. ಎಲ್ಲರೂ ಅವರನ್ನು ಮೇಷ್ಟ್ರೇ ಅಂತಲೇ ಕರೆಯುತ್ತಿದ್ದೆವು. ದ್ರಾವಿಡ್ ಆಡಿದ ಟೆಸ್ಟ್‌ಗಳನ್ನು ಟಿವಿ ಮುಂದೆ ಕೂತು ಕೈಯಲ್ಲೇ ಸ್ಕೋರ್ ಬರೆಯುತ್ತಿದ್ದರು, ಉದ್ದ ರೂಲಿನ ನೋಟ್ ಪುಸ್ತಕದಲ್ಲಿ. ರನ್ ಬಾರದ ಚೆಂಡಿಗೆ ಎಲ್ಲರೂ ಚುಕ್ಕಿ ಇಡುತ್ತಾರೆ. ಮೇಷ್ಟ್ರು ದ್ರಾವಿಡ್ ಆಡದೆ ಬಿಟ್ಟ ಚೆಂಡಿಗೆ ಚುಕ್ಕಿ ಇಡದೆ ಸಣ್ಣದಾಗಿ 'ಬಿ' ಅಂತ ಬರೆಯುತ್ತಿದ್ದರು. ಬಿಟ್ಟದ್ದು ಆಡಿದ್ದಕ್ಕಿಂತ ಕಡಿಮೆ ಕೆಲಸ ಅಲ್ಲ ಅನ್ನೋದು ಅವರ ವಾದ. ಟೆಸ್ಟ್‌ನಲ್ಲಿ 31,258 ಚೆಂಡು ಎದುರಿಸಿದ ಆಟಗಾರನನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ 'ಬಿ'ಗಳನ್ನೇ ನೋಡಬೇಕು ಅಂತ ನನಗೂ ಅನ್ನಿಸುತ್ತದೆ. ಬಳಗ ಮುಚ್ಚುವ ಮೊದಲೇ ಮೇಷ್ಟ್ರು ತೀರಿಕೊಂಡಿದ್ದರು. ಅವರು ಹಾಕಿದ್ದ ಪುಟಗಳ ಫೋಟೋ ಬಳಸಲು ಮಗಳನ್ನು ಕೇಳೋಣ ಅಂತ ಫೋನ್ ಮಾಡಿದೆ.

"ಬರೀ ಫೋಟೋ ಯಾಕಣ್ಣಾ, ಪುಸ್ತಕಗಳೇ ಇದಾವೆ. ಅಟ್ಟದ ಮೇಲೆ ಟ್ರಂಕಲ್ಲಿ" ಅಂದರು.

ಹೋಗಿ ನೋಡಿದೆ. 2011ರ ಆಗಸ್ಟ್, ಓವಲ್ ಟೆಸ್ಟ್‌ನ ಪುಟ ತೆಗೆದೆ. ದ್ರಾವಿಡ್ ಮೊದಲಿಗರಾಗಿ ಬಂದು ಕೊನೆತನಕ ಔಟಾಗದೆ 146, ಭಾರತ 300ಕ್ಕೆ ಆಲೌಟ್, ಫಾಲೋ-ಆನ್, ಅಂದರೆ ಭಾರತವೇ ತಕ್ಷಣ ಮತ್ತೆ ಬ್ಯಾಟ್ ಮಾಡಬೇಕು. ಹತ್ತೇ ನಿಮಿಷದಲ್ಲಿ ಅವರೇ ಮತ್ತೆ ಪ್ಯಾಡ್ ಕಟ್ಟಿಕೊಂಡು ಬಂದರು. ಆ ಪುಟದ ಅಂಚಿನಲ್ಲಿ ನೀಲಿ ಇಂಕಿನಲ್ಲಿ ಮೇಷ್ಟ್ರು ಬರೆದಿದ್ದರು: "ಕಾಫಿ ಕುಡಿಯಲೂ ಪುರುಸೊತ್ತಿಲ್ಲ. ಹುಡುಗ ಮತ್ತೆ ಬಂದ." ಹುಡುಗನಿಗೆ ಆಗ 38. ನಮ್ಮ ಸಂಕಲನದ ಮೊದಲ ಪುಟದಲ್ಲಿ ಅದೇ ಇದೆ. ತೀರಿಕೊಂಡ ಉಳಿದ ಸದಸ್ಯರ ಮನೆಯವರನ್ನೂ ಹೀಗೇ ಹುಡುಕಿ ಕೇಳಿದೆವು. ಮುಚ್ಚುವವರು ಇದಕ್ಕೆ ಟೈಮ್ ಇಟ್ಟುಕೊಳ್ಳಲೇಬೇಕು. ಮನೆಯವರಿಗೆ ಅದು ಕ್ರಿಕೆಟ್ ಅಲ್ಲ, ಅಪ್ಪನ ಅಕ್ಷರ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ವರ್ಷಕ್ಕೊಮ್ಮೆ ಸೇರೋಕೆ ಎತ್ತಿದ ಚಂದಾದಲ್ಲಿ ಸ್ವಲ್ಪ ಉಳಿದಿತ್ತು. ಲೆಕ್ಕವನ್ನು ಎಲ್ಲರಿಗೂ ತೋರಿಸಿ, ಒಂದು ಸರ್ಕಾರಿ ಶಾಲೆಗೆ ಬ್ಯಾಟು, ಪ್ಯಾಡು, ಮ್ಯಾಟು ಕೊಡಿಸಿದೆವು. ರಸೀದಿಯನ್ನೂ ಹಾಕಿದೆವು.

ಕೊನೆಯ ದಿನ ವಿಡಿಯೊದಲ್ಲಿ ಸೇರಿದೆವು. ಬೆಂಗಳೂರಲ್ಲಿ ಸಂಜೆ 6, ಲಂಡನ್‌ನಲ್ಲಿ ಮಧ್ಯಾಹ್ನ 12:30, ಮೆಲ್ಬರ್ನ್‌ನಲ್ಲಿ ರಾತ್ರಿ 11:30, ಕ್ಯಾಲಿಫೋರ್ನಿಯಾದಲ್ಲಿ ನಸುಕು 4:30. ಟೆಸ್ಟ್ ನೋಡೋಕೆ ಅಪರಾತ್ರಿ ಏಳುತ್ತಿದ್ದ ಜನಕ್ಕೆ ಇದು ಹೊಸದಲ್ಲ. ಭಾಷಣ ಬೇಡ ಅಂತ ಮೊದಲೇ ಹೇಳಿದ್ದೆವು. ಒಬ್ಬೊಬ್ಬರು ಒಂದೊಂದು ಇನಿಂಗ್ಸ್ ಹೇಳಬೇಕು, ಅಷ್ಟೇ. ಹೆಚ್ಚಿನವರು ಶತಕ ಹೇಳುತ್ತಾರೆ ಅಂದುಕೊಂಡಿದ್ದೆ. ಲಾರ್ಡ್ಸ್‌ನ ಮೊದಲ ಟೆಸ್ಟಿನ 95 ಹೇಳಿದವರೇ ಜಾಸ್ತಿ. ಮೈಸೂರಿನ ಅಕ್ಕ ಒಬ್ಬರು ರನ್ ಹೇಳಲೇ ಇಲ್ಲ, ಸ್ಲಿಪ್‌ನಲ್ಲಿ ಹಿಡಿದ ಕ್ಯಾಚ್‌ಗಳನ್ನು ಹೇಳಿದರು. ಕುಂಬ್ಳೆ ಬೌಲಿಂಗ್, ದ್ರಾವಿಡ್ ಕ್ಯಾಚ್, ಎರಡೂ ನಮ್ಮವರದ್ದೇ ಅಂತ ಟಿವಿಗೆ ಕೈಮುಗಿಯುತ್ತಿದ್ದರಂತೆ ಅವರ ಅತ್ತೆ. ಮಾತು ಮುಗಿಯುವ ಹೊತ್ತಿಗೆ ಮೆಲ್ಬರ್ನ್‌ನವರಿಗೆ ಬೆಳಗಿನ ಜಾವ.

ಆಮೇಲಿನದು ಬರೀ ಕೈಕೆಲಸ. ಫೇಸ್‌ಬುಕ್ ಗುಂಪನ್ನು ಮೊದಲು 'ಪಾಜ್' ಮಾಡಿ, ಅಂದರೆ ತಡೆಹಿಡಿದು, ಕೆಲವು ವಾರ ಬಿಟ್ಟೆವು. ಹೊಸದಾಗಿ ಬರೆಯೋಕಾಗಲ್ಲ, ಹಳೆಯದು ಓದಬಹುದು. ತಡವಾಗಿ ವಿಷಯ ತಿಳಿದವರಿಗೆ ಇದರಿಂದ ಅನುಕೂಲ ಆಯಿತು. ಆಮೇಲೆ ಸದಸ್ಯರನ್ನೆಲ್ಲ ತೆಗೆದು, ಕೊನೆಗೆ ನಾವೂ ಹೊರಬಂದೆವು. ಹಾಗೆ ಮಾಡಿದರೆ ಗುಂಪು ಅಳಿಯುತ್ತದೆ. ತೆಗೆಯುವ ಮುನ್ನ "ನಿಮ್ಮನ್ನು ತೆಗೆದಿದ್ದಾರೆ ಅಂತ ಕಾಣಿಸಬಹುದು, ಬೇಜಾರಾಗಬೇಡಿ" ಅಂತ ಒಂದು ಮಾತು ಹಾಕಿ. ಇಲ್ಲದಿದ್ದರೆ ಮನಸ್ಸು ಮುರಿಯುತ್ತದೆ.

2025ರ ಜೂನ್ 20ರಂದು ಭಾರತ ಲೀಡ್ಸ್‌ನಲ್ಲಿ ಟೆಸ್ಟ್ ಶುರು ಮಾಡಿತು. 1996ರಲ್ಲಿ ದ್ರಾವಿಡ್ ಟೆಸ್ಟ್‌ಗೆ ಕಾಲಿಟ್ಟದ್ದೂ ಜೂನ್ 20ರಂದೇ. ಮಾತಾಡೋಕೆ ಜಾಗ ಇಲ್ಲ ಅಂತ ಜನ ಸುಮ್ಮನಾಗುತ್ತಾರೆ ಅಂದುಕೊಂಡಿದ್ದೆ. ಆದರೆ ಅವತ್ತು ನನ್ನ ಫೋನ್ ಬಿಡುವಿಲ್ಲದೆ ಬಡಿದುಕೊಂಡಿತು. ಗುಂಪಿನಲ್ಲಿ ವರ್ಷಗಟ್ಟಲೆ ಒಂದು ಮಾತೂ ಆಡದವರು ನೇರವಾಗಿ ಫೋನ್ ಮಾಡಿದರು. ಸಂಕಲನ ಬೇಕು ಅಂದವರಿಗೆ ಪಿಡಿಎಫ್ ಕಳಿಸುತ್ತಿದ್ದೇನೆ. ಮೇಷ್ಟ್ರ ಪುಸ್ತಕಗಳನ್ನು ಮಗಳು ಒಂದೊಂದಾಗಿ ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಮೊದಲ ಮೂರು ವರ್ಷದ್ದರಲ್ಲಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಹಳೇ ಕಾಗದ ಬಿಡಿಸುವುದು ಗೊತ್ತಿರುವ ಒಬ್ಬರನ್ನು ಹುಡುಕುತ್ತಿದ್ದೇವೆ.